"ಕೆಳಗಿನ ತೋಟಕ್ಕೂ ಹೊಡೆಸಿದ್ಯಾ?": ಕಥೆಯ ಸಂಭಾಷಣೆಯಲ್ಲಿ ಒಳಮಾತು

ಮಲೆನಾಡಿನ ಜಗುಲಿಯಲ್ಲಿ ಜುಲೈ ತಿಂಗಳಲ್ಲಿ ಕೂತರೆ ಮಳೆಯ ಮಾತು ಬಂದೇ ಬರುತ್ತದೆ. ನೆಂಟರು ಹೊರಡಲು ಎದ್ದಾಗ ಮನೆಯವರು "ಮಳೆ ಜೋರಾಯ್ತಲ್ಲ" ಅಂದರೆ ಇವತ್ತು ಉಳ್ಕೊಳ್ಳಿ ಎಂದರ್ಥ. ನೆಂಟರು ಕೂತೇ ಇರುವಾಗ ಅದೇ ಮನೆಯವರು ಅಂಗಳದ ಕಡೆ ನೋಡಿ "ಸ್ವಲ್ಪ ಹೊಳವಾಯ್ತು ನೋಡಿ" (ಮಳೆ ಬಿಡುವು ಕೊಟ್ಟಿತು ನೋಡಿ) ಅಂದರೆ ಇನ್ನು ಹೊರಡಬಹುದು ಎಂದರ್ಥ. ಎರಡರಲ್ಲೂ ಆಡಿದ್ದು ಮಳೆಯ ಮಾತು ಮಾತ್ರ. ಆದರೂ ಯಾರಿಗೂ ಗೊಂದಲ ಆಗುವುದಿಲ್ಲ. ಕೊಡೆ ತಗೊಳ್ಳಬೇಕೋ, ಕೈಕಾಲು ತೊಳೆದು ಒಳಗೆ ಹೋಗಬೇಕೋ ಎಲ್ಲರಿಗೂ ಗೊತ್ತಾಗುತ್ತದೆ.

ಕಥೆ, ಕಾದಂಬರಿ, ನಾಟಕ ಬರೆಯುವವರು ಇದನ್ನು ಸಬ್‌ಟೆಕ್ಸ್ಟ್ ಅನ್ನುತ್ತಾರೆ. ನಾನಿಲ್ಲಿ ಒಳಮಾತು ಅನ್ನುತ್ತೇನೆ. ಪಾತ್ರ ಬಾಯಲ್ಲಿ ಒಂದು ಆಡುತ್ತದೆ, ಮನಸ್ಸಿನಲ್ಲಿ ಇನ್ನೊಂದು ಇರುತ್ತದೆ, ಓದುಗರಿಗೆ ಎರಡೂ ಕೇಳಿಸುತ್ತವೆ. ದಿನವೂ ಮನೆಯಲ್ಲಿ ಹೀಗೇ ಮಾತಾಡುವ ನಾವು, ಕಥೆ ಬರೆಯಲು ಕೂತ ಕೂಡಲೇ ಪಾತ್ರಗಳ ಕೈಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿಸುತ್ತೇವೆ. ಇಲ್ಲವೇ ಒಳಮಾತು ಬೇಕೆಂದು ಅರ್ಧರ್ಧ ವಾಕ್ಯ ಬರೆದು, ಸಾಲು ಸಾಲು ಚುಕ್ಕೆ ಇಟ್ಟು, ಮಾತನ್ನು ಒಗಟು ಮಾಡುತ್ತೇವೆ. ಎರಡೂ ಕಡೆ ತಪ್ಪುವುದು ಒಂದೇ ಜಾಗದಲ್ಲಿ. ನಾವು ಮಾತಿನ ಸಾಲನ್ನೇ ತಿದ್ದುತ್ತಾ ಕೂರುತ್ತೇವೆ. ಒಳಮಾತು ಹುಟ್ಟುವುದು ಆ ಸಾಲಿನ ಸುತ್ತಮುತ್ತ: ಅದಕ್ಕೂ ಮುಂಚೆ ಓದುಗರಿಗೆ ಏನು ತಿಳಿಸಿದ್ದೇವೆ, ಯಾರು ಕೇಳಿಸಿಕೊಳ್ಳುತ್ತಿದ್ದಾರೆ, ಕೈ ಏನು ಮಾಡುತ್ತಿದೆ ಎಂಬುದರಲ್ಲಿ.

ಒಂದು ದೃಶ್ಯ ಕಟ್ಟಿ ನೋಡೋಣ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆ. ಅಣ್ಣ ಊರಲ್ಲಿದ್ದು ತೋಟ ನೋಡಿಕೊಂಡಿದ್ದಾನೆ. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಪಾಲು ಕೇಳಬೇಕೆಂದು ಊರಿಗೆ ಬಂದಿದ್ದಾನೆ. ಮೊದಲು ನೇರವಾಗಿ ಬರೆದರೆ ಹೀಗಿರುತ್ತದೆ:

"ಅಣ್ಣ, ನನ್ನ ಪಾಲು ಕೊಟ್ಟುಬಿಡು. ಬೆಂಗಳೂರಲ್ಲಿ ಮನೆ ಕಟ್ಟಬೇಕು, ದುಡ್ಡು ಸಾಲ್ತಿಲ್ಲ."

"ಇಷ್ಟು ವರ್ಷ ತೋಟ ನೋಡ್ಕೊಂಡಿದ್ದು ನಾನು. ನೀನು ಹಬ್ಬಕ್ಕೆ ಬಂದು ಹೋಗಿದ್ದು ಬಿಟ್ಟರೆ ಏನು ಮಾಡಿದೀಯ? ನಂಗೆ ತುಂಬಾ ಬೇಜಾರಾಗಿದೆ."

ಸುಳ್ಳೇನೂ ಇಲ್ಲ. ಆದರೆ ಎರಡೇ ಮಾತಿಗೆ ದೃಶ್ಯ ಮುಗಿದುಹೋಯಿತು. ಓದುಗರಿಗೆ ಮಾಡಲು ಏನೂ ಉಳಿಯಲಿಲ್ಲ. ಅದೂ ಅಲ್ಲದೆ, ಬಂದ ಮೊದಲ ಸಂಜೆಯೇ ಅಣ್ಣ ತಮ್ಮ ಹೀಗೆ ಮಾತಾಡುವುದು ಅಪರೂಪ. ಈಗ ಇನ್ನೊಂದು ಬಗೆಯಲ್ಲಿ ನೋಡಿ.

ಅಪ್ಪ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದಾಗ, ಕೆಳಗಿನ ತೋಟ ಚಿಕ್ಕವನಿಗೆ ಇರಲಿ ಎಂದಿದ್ದರು. ಕೇಳಿಸಿಕೊಂಡವರು ಇಬ್ಬರು ಮಕ್ಕಳು, ಒಬ್ಬ ಸೊಸೆ. ಕಾಗದದಲ್ಲಿ ಎಲ್ಲೂ ಬರೆದಿಲ್ಲ.

"ಈ ಸಲ ಎಷ್ಟು ಔಷಧಿ ಆಯ್ತು?" ತಮ್ಮ ಕೇಳಿದ.

"ಎರಡು. ಮೂರನೇದಕ್ಕೆ ಹೊಳವಾಗ್ಲಿ ಅಂತ ಕಾಯ್ತಿದೀನಿ."

"ಕೆಳಗಿನ ತೋಟಕ್ಕೂ ಹೊಡೆಸಿದ್ಯಾ?"

"ಎಲ್ಲಾ ತೋಟಕ್ಕೂ."

"ಅಲ್ಲಿ ಕೊಳೆ ಜಾಸ್ತಿ ಅಲ್ವಾ. ನೀರು ನಿಲ್ಲುತ್ತೆ."

"ಬಸಿಗಾಲುವೆ ತೆಗೆಸಿದೀನಿ. ಹೋದ ವರ್ಷ. ನೀನು ಬಂದಿರ್ಲಿಲ್ಲ."

"ಖರ್ಚು ಎಷ್ಟು ಬಂತು?"

"ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ."

ಅತ್ತಿಗೆ ಕಷಾಯದ ಲೋಟ ಇಬ್ಬರ ಮುಂದೂ ಇಟ್ಟಳು. "ಲೆಕ್ಕದ ಪುಸ್ತಕ ಒಳಗೇ ಇದೆ. ತರ್ಲಾ?"

"ಕಷಾಯ ಆರುತ್ತೆ, ಕುಡಿ" ಅಂದ ಅಣ್ಣ.

ಪಾಲು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಆದರೆ ಜಗಳ ನಡೆದೇ ಹೋಯಿತು. ತಮ್ಮ "ಕೆಳಗಿನ ತೋಟ" ಎಂದು ಒಂದನ್ನು ಬೇರೆ ಮಾಡಿ ಹೇಳಿದ. ಅಣ್ಣ "ಎಲ್ಲಾ ತೋಟಕ್ಕೂ" ಎಂದು ಅದನ್ನು ಮತ್ತೆ ಒಟ್ಟಿಗೆ ಸೇರಿಸಿದ. ಕೇಳುವುದೂ ಆಯಿತು, ಇಲ್ಲ ಅನ್ನುವುದೂ ಆಯಿತು. ನೀರು ನಿಲ್ಲುವ ಮಾತು ತಮ್ಮನ ಎರಡನೆಯ ಹೆಜ್ಜೆ: ಆ ತೋಟ ನನಗೂ ಗೊತ್ತು, ನಾನು ಹೊರಗಿನವನಲ್ಲ. "ನೀನು ಬಂದಿರ್ಲಿಲ್ಲ" ಎಂಬುದು ಅಣ್ಣನ ಬಾಯಿಂದ ಬಂದ ಒಂದೇ ಒಂದು ಬಾಣ. ಅದನ್ನೂ ಅವನು ಬಸಿಗಾಲುವೆಯ ಬಾಲಕ್ಕೆ ಕಟ್ಟಿ ಬಿಟ್ಟಿದ್ದಾನೆ. ಖರ್ಚು ಕೇಳಿದ್ದು ದುಡ್ಡು ಕೊಡುತ್ತೇನೆ ಎಂದೋ, ಲೆಕ್ಕ ಒಪ್ಪಿಸು ಎಂದೋ? ಎರಡೂ ಆಗಬಹುದು. ಅಣ್ಣನಿಗೆ ಎರಡನೆಯದೇ ಕೇಳಿಸಿತು ಎಂದು ಅವನ ಉತ್ತರದಲ್ಲಿ ಗೊತ್ತಾಗುತ್ತದೆ.

ನನಗೆ ಇಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಅತ್ತಿಗೆಯ ಮಾತು. ಗಂಡ ದೊಡ್ಡ ಮನಸ್ಸು ತೋರಿಸಿ ಲೆಕ್ಕ ಇಟ್ಟಿಲ್ಲ ಅನ್ನುತ್ತಿರುವಾಗಲೇ ಅವಳು ಪುಸ್ತಕ ಇದೆ ಅನ್ನುತ್ತಾಳೆ. ತುಂಬಾ ಮರ್ಯಾದೆಯ ಮಾತು. ಒಂದೊಂದು ರೂಪಾಯಿಯೂ ಬರೆದಿಟ್ಟಿದ್ದೇನೆ, ಪಾಲಿನ ಮಾತು ಬಂದರೆ ಅದೂ ಹೊರಗೆ ಬರುತ್ತದೆ ಎಂದು ಮೈದುನನಿಗೆ ಹೇಳಿದಂತಾಯಿತು. ಮಾವನ ಮಾತು ಕೇಳಿಸಿಕೊಂಡ ಮೂರನೆಯವಳು ಅವಳೇ ಎಂದು ಓದುಗರಿಗೆ ಆಗಲೇ ಗೊತ್ತು. ಹಾಗಾಗಿ ಆ ಲೋಟ ಇಡುವ ಕೈಗೆ ಇನ್ನಷ್ಟು ಭಾರ ಬರುತ್ತದೆ.

ಈಗ ಒಂದು ಪರೀಕ್ಷೆ ಮಾಡಿ. ಸಂಭಾಷಣೆಯ ಒಂದಕ್ಷರವನ್ನೂ ಬದಲಿಸದೆ, ಅದರ ಮುಂಚಿನ ಮೂರು ವಾಕ್ಯ, ಅಂದರೆ ಅಪ್ಪ ಹಾಸಿಗೆಯಲ್ಲಿ ಆಡಿದ ಮಾತು, ತೆಗೆದುಹಾಕಿ. ಉಳಿಯುವುದು ಇಬ್ಬರು ಅಡಿಕೆ ಬೆಳೆಗಾರರು ಔಷಧಿಯ ಬಗ್ಗೆ ಆಡಿದ ಮಾತು. ಒಳಮಾತು ಪೂರ್ತಿ ಆ ಮೂರು ವಾಕ್ಯದ ಮೇಲೆ ನಿಂತಿತ್ತು. ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಇದೇ ಮಾಹಿತಿಯನ್ನು ಕಥೆಯ ಕೊನೆಯವರೆಗೆ ಬಚ್ಚಿಡುತ್ತಾರೆ, ಓದುಗರನ್ನು ಅಚ್ಚರಿಗೊಳಿಸಬೇಕೆಂದು. ನನ್ನ ಪ್ರಕಾರ ಅದು ದುಬಾರಿ ವ್ಯಾಪಾರ. ಒಂದು ಅಚ್ಚರಿಗಾಗಿ ಹತ್ತು ಸಾಲಿನ ಜೀವವನ್ನು ಬಿಟ್ಟುಕೊಡಬೇಕಾಗುತ್ತದೆ.

ಬಾಯಲ್ಲಿ ಆಡುವ ಮಾತು ಬರೀ ಮುಖವಾಡ ಆಗಬಾರದು ಎಂಬುದೂ ಅಷ್ಟೇ ಮುಖ್ಯ. ಔಷಧಿಯ ಮಾತು ಔಷಧಿಯ ಮಾತಾಗಿಯೇ ಸರಿಯಾಗಿರಬೇಕು. ಅಡಿಕೆಗೆ ಕೊಳೆರೋಗ ತರುವುದು ಫೈಟಾಫ್ತೋರಾ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ. ಜಡಿಮಳೆಯಲ್ಲಿ ಅದು ಹಬ್ಬಿ ಎಳೆಕಾಯಿಗಳು ಉದುರುತ್ತವೆ. ಅದಕ್ಕೆ ಹೊಡೆಯುವುದು ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ. ಮಳೆ ಬಿಡಲೇ ಇಲ್ಲ ಅಂದರೆ ಮೂರನೆಯದೂ ಬೇಕಾಗುತ್ತದೆ. ಅದಕ್ಕೆ ಮಳೆ ಸ್ವಲ್ಪ ಹೊಳವಾಗಬೇಕು, ಮರ ಹತ್ತುವವರು ಸಿಗಬೇಕು. ಇಷ್ಟು ಗೊತ್ತಿದ್ದರೆ ಅಣ್ಣನ "ಕಾಯ್ತಿದೀನಿ" ನಿಜವಾದ ಕಾಯುವಿಕೆ ಆಗುತ್ತದೆ, ಅದರ ಅಡಿಯಲ್ಲಿ "ಈಗ ಬೇಡ, ಸುಮ್ನಿರು" ಎಂಬುದೂ ಕೂತುಕೊಳ್ಳುತ್ತದೆ. ತೋಟದ ವಿಷಯ ತಪ್ಪಾಗಿ ಬರೆದರೆ ಮಲೆನಾಡಿನ ಓದುಗರು ಅಲ್ಲೇ ಕಥೆಯಿಂದ ಎದ್ದು ಹೋಗುತ್ತಾರೆ. ಒಳಗಿನ ಮಾತು ಯಾರಿಗೂ ಕೇಳಿಸುವುದಿಲ್ಲ.

ಇದೆಲ್ಲ ಪಶ್ಚಿಮದಿಂದ ಬಂದ ಹೊಸ ವಿದ್ಯೆ ಎಂದು ಕೆಲವರು ತಿಳಿದಿದ್ದಾರೆ. ಆದರೆ ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯ ಬಗ್ಗೆ, ಅಂದರೆ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥದ ಬಗ್ಗೆ, ಒಂದಿಡೀ ಗ್ರಂಥವನ್ನೇ ಬರೆದ. ಅವನು ಎತ್ತಿಕೊಂಡ ಒಂದು ಪ್ರಾಕೃತ ಪದ್ಯ ಬಹಳ ಪ್ರಸಿದ್ಧ. ಅದರಲ್ಲಿ ಒಬ್ಬ ಹೆಂಗಸು ಒಬ್ಬ ಧರ್ಮಿಷ್ಠನಿಗೆ ಧೈರ್ಯ ಹೇಳುತ್ತಾಳೆ: ಇನ್ನು ನಿಶ್ಚಿಂತೆಯಿಂದ ಓಡಾಡಿ, ನಿಮ್ಮನ್ನು ಹೆದರಿಸುತ್ತಿದ್ದ ನಾಯಿಯನ್ನು ಗೋದಾವರಿ ದಡದ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು. ಬಾಯಲ್ಲಿ ಬನ್ನಿ ಎಂದಿದ್ದಾಳೆ. ನಾಯಿಗೇ ಹೆದರುತ್ತಿದ್ದವನು ಸಿಂಹ ಇದೆ ಎಂದ ಮೇಲೆ ಆ ಕಡೆ ಕಾಲಿಡುತ್ತಾನಾ? ಅವಳು ತನ್ನ ಗೆಳೆಯನನ್ನು ಭೇಟಿಯಾಗುವ ಜಾಗ ಅದು, ಅಲ್ಲಿ ಯಾರೂ ಬರಬಾರದು.

ಹನ್ನೊಂದನೇ ಶತಮಾನದ ಮಮ್ಮಟ ಇದನ್ನು ಇನ್ನೂ ಬಿಡಿಸಿ ಇಟ್ಟ. ಆಡಿದ ಮಾತಿಗೆ ಬೇರೊಂದು ಅರ್ಥ ಬರಲು ಏನೇನು ಕಾರಣ ಎಂದು ಅವನ ಕಾವ್ಯಪ್ರಕಾಶದಲ್ಲಿ ಒಂದು ಪಟ್ಟಿಯೇ ಇದೆ. ಹೇಳುವವರು ಯಾರು, ಕೇಳುವವರು ಯಾರು, ಯಾವ ದನಿಯಲ್ಲಿ ಹೇಳಿದರು, ಹತ್ತಿರ ಬೇರೆ ಯಾರಿದ್ದಾರೆ, ಯಾವ ಸಂದರ್ಭ, ಯಾವ ಜಾಗ, ಯಾವ ಹೊತ್ತು. ಸಾವಿರ ವರ್ಷದ ಹಿಂದಿನ ಈ ಪಟ್ಟಿಗಿಂತ ಉಪಯೋಗದ ಸಲಹೆ ನನಗೆ ಬರವಣಿಗೆಯ ಯಾವ ಹೊಸ ಪುಸ್ತಕದಲ್ಲೂ ಸಿಕ್ಕಿಲ್ಲ.

ಅದರಲ್ಲಿ "ಹೇಳುವವರು ಯಾರು" ಎಂಬುದನ್ನು ಮಾತ್ರ ಬದಲಿಸಿ ನೋಡಿ. ವಾಕ್ಯ ಒಂದೇ: "ಲಿಂಗನಮಕ್ಕಿಯಲ್ಲಿ ನೀರು ಎಷ್ಟಿದೆ?" ವಿದ್ಯುತ್ ನಿಗಮದ ಎಂಜಿನಿಯರ್ ಕೇಳಿದರೆ ಉತ್ತರ ಒಂದು ಅಂಕಿ. ಪೂರ್ತಿ ಮಟ್ಟ 1,819 ಅಡಿ, ಅದಕ್ಕೆ ಎಷ್ಟು ಕಡಿಮೆ ಎಂದು ಹೇಳಿದರೆ ಮುಗಿಯಿತು. ಆಗಸ್ಟಿನಲ್ಲಿ ಶರಾವತಿಯ ಕೆಳದಂಡೆಯವರು ಕೇಳಿದರೆ, ಗೇಟು ತೆಗೆಯುತ್ತಾರಾ ಎಂಬ ಭಯ. ಇನ್ನು 1964ರಲ್ಲಿ ಅಣೆಕಟ್ಟು ಮುಗಿದು ಊರು ಮುಳುಗಿದಾಗ, ಮನೆ ಬಿಟ್ಟು ಶಿವಮೊಗ್ಗದ ಕಡೆ ಬಂದ ಕುಟುಂಬದ ಅಜ್ಜಿ ಬೇಸಿಗೆಯಲ್ಲಿ ಕೇಳಿದರೆ?

"ಲಿಂಗನಮಕ್ಕಿಯಲ್ಲಿ ನೀರು ಎಷ್ಟಿದೆಯಂತೆ?"

"ತುಂಬಾ ಇಳಿದಿದೆ ಅಜ್ಜಿ. ಮಡೆನೂರಿನ ಹಳೇ ಡ್ಯಾಮು ಕಾಣ್ತಿದೆಯಂತೆ."

"ಹಾಗಾದ್ರೆ ಇನ್ನೊಂದು ಹದಿನೈದು ದಿನ."

"ಯಾವುದಕ್ಕೆ?"

"ಯಾವುದಕ್ಕೂ ಇಲ್ಲ. ನೀನು ಊಟ ಮಾಡು."

ಮಡೆನೂರಿನ ಆ ಹಳೇ ಡ್ಯಾಮೂ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ್ದೇ. ಇನ್ನು ಹದಿನೈದು ದಿನಕ್ಕೆ ಅವಳ ಮನೆಯ ಅಡಿಪಾಯವೋ ಬಾವಿಕಟ್ಟೆಯೋ ನೀರಿನಿಂದ ಮೇಲೆ ಬರಬಹುದು ಎಂದು ಅವಳು ಲೆಕ್ಕ ಹಾಕಿಟ್ಟಿದ್ದಾಳೆ. ಮೊಮ್ಮಗನಿಗೆ ಅದು ಗೊತ್ತಿಲ್ಲ. ಓದುಗರಿಗೆ ಗೊತ್ತಿರಬೇಕು. ಇಲ್ಲಿ ಕೇಳುವವರು ಇಬ್ಬರಿದ್ದಾರೆ ಅಂತ ನೆನಪಿಟ್ಟುಕೊಳ್ಳಿ: ಎದುರಿಗೆ ಕೂತ ಪಾತ್ರ ಮತ್ತು ಪುಸ್ತಕ ಹಿಡಿದ ಓದುಗ. ಪಾತ್ರಕ್ಕೆ ತಪ್ಪಿಹೋದದ್ದು ಓದುಗನಿಗೆ ಸಿಗುವಂತೆ ಬರೆಯಬಹುದು. ಮೇಲಿನ ಅಣ್ಣ ತಮ್ಮನ ದೃಶ್ಯದಲ್ಲಿ ಹಾಗಲ್ಲ, ಅಲ್ಲಿ ಎಲ್ಲರಿಗೂ ಎಲ್ಲವೂ ತಿಳಿದಿದೆ. ಎರಡೂ ಒಳಮಾತೇ, ಆದರೆ ಒಂದರಲ್ಲಿ ಬಿಗಿ ಹೆಚ್ಚು, ಇನ್ನೊಂದರಲ್ಲಿ ನೋವು ಹೆಚ್ಚು.

ಮಮ್ಮಟನ ಪಟ್ಟಿಯಲ್ಲಿ "ಹತ್ತಿರ ಬೇರೆ ಯಾರಿದ್ದಾರೆ" ಎಂಬುದನ್ನು ನಮ್ಮ ಕಥೆಗಾರರು ಇನ್ನೂ ಜಾಸ್ತಿ ಬಳಸಬೇಕು. ಅಡಿಕೆ ಸುಲಿಯುವ ರಾತ್ರಿಗಳನ್ನು ನೆನೆಸಿಕೊಳ್ಳಿ. ಮೆಟ್ಟುಗತ್ತಿ ಮುಂದೆ ಹತ್ತಾರು ಜನ ಸಾಲಾಗಿ ಕೂತಿರುತ್ತಾರೆ. ಮನೆಯವರೂ ಇದ್ದಾರೆ, ಪಕ್ಕದ ಊರಿನವರೂ ಇದ್ದಾರೆ. ಅಲ್ಲಿ ಗಂಡ ಹೆಂಡತಿಗೆ ಹೇಳಬೇಕಾದ್ದನ್ನು ಮಗುವಿಗೆ ಹೇಳುತ್ತಾನೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಗಾದೆಯೇ ಇದೆಯಲ್ಲ. ಇಬ್ಬರೇ ಇದ್ದಾಗ ಸಪ್ಪೆಯಾಗಿರುವ ದೃಶ್ಯಕ್ಕೆ ಮೂರನೆಯವರನ್ನು ತಂದು ಕೂರಿಸಿ. ಮಾತು ತಾನಾಗಿಯೇ ದಾರಿ ಬದಲಿಸುತ್ತದೆ.

ಹಾಗಂತ ಪಾತ್ರಗಳು ಸುಮ್ಸುಮ್ನೆ ಮುಚ್ಚಿಟ್ಟು ಮಾತಾಡಬಾರದು. ಬಾಯಿಬಿಟ್ಟರೆ ಏನೋ ಒಂದು ಕಳೆದುಹೋಗಬೇಕು. ಮಲೆನಾಡಿನಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನೀವು ನಮ್ಮ ಗದ್ದೆಗೆ ಬನ್ನಿ, ನಾಳೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ ಎಂಬ ಲೆಕ್ಕ. ಮನೆ ಮನೆಗೆ ದೂರ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಪಕ್ಕದ ಮನೆಯವರನ್ನು ಬಿಟ್ಟರೆ ಯಾರೂ ಇಲ್ಲ. ಬೇಲಿಯ ವಿಚಾರಕ್ಕೆ ಪಕ್ಕದವರ ಮೇಲೆ ಎಷ್ಟೇ ಸಿಟ್ಟಿರಲಿ, ನಾಟಿಗೆ ಅವರೇ ಬರಬೇಕು. ಅಂಥ ಕಡೆ ಬೇಲಿಯ ಮಾತು ನೇರವಾಗಿ ಬರುವುದಿಲ್ಲ. "ನಿಮ್ಮ ದನಕ್ಕೆ ಈ ಸಲ ಮೇವು ಕಡಿಮೆ ಬಿತ್ತೇನೋ" ಎಂದು ಬರುತ್ತದೆ. ನಿಮ್ಮ ಪಾತ್ರ ಯಾಕೆ ನೇರವಾಗಿ ಹೇಳುತ್ತಿಲ್ಲ ಎಂದು ಕೇಳಿಕೊಂಡು ಅದಕ್ಕೆ ಉತ್ತರ ಸಿಗದಿದ್ದರೆ, ಆ ಪಾತ್ರದ ಬಾಯಲ್ಲಿ ನೇರವಾಗಿಯೇ ಹೇಳಿಸಿ. ಅದೇ ಪ್ರಾಮಾಣಿಕ.

ಸಬ್‌ಟೆಕ್ಸ್ಟ್ ಎಂಬ ಮಾತು ಹೆಚ್ಚು ಓಡಾಡಿದ್ದು ರಂಗಭೂಮಿಯಲ್ಲಿ, ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯಿಂದ. ಅವನ ತಂಡ 1904ರಲ್ಲಿ ಆಡಿದ ಚೆಕಾಫನ ಚೆರಿ ತೋಟದ ನಾಟಕದ ಕೊನೆಯ ಅಂಕದಲ್ಲಿ ಒಂದು ಸಣ್ಣ ದೃಶ್ಯ ಇದೆ. ಲೋಪಾಖಿನ್ ಈಗ ವಾರ್ಯಾಳನ್ನು ಮದುವೆಗೆ ಕೇಳುತ್ತಾನೆ ಎಂದು ಮನೆಯವರೆಲ್ಲ ಕಾಯುತ್ತಿದ್ದಾರೆ. ಇಬ್ಬರನ್ನೇ ಬಿಟ್ಟು ಹೋಗುತ್ತಾರೆ. ಅವಳು ಸಾಮಾನಿನಲ್ಲಿ ಏನೋ ಹುಡುಕುವಂತೆ ಮಾಡುತ್ತಾಳೆ. ಅವನು ಹವಾಮಾನದ ಮಾತು ತೆಗೆಯುತ್ತಾನೆ, ಮೂರು ಡಿಗ್ರಿ ಚಳಿ ಅನ್ನುತ್ತಾನೆ. ನಮ್ಮ ಥರ್ಮಾಮೀಟರ್ ಒಡೆದಿದೆ ಅನ್ನುತ್ತಾಳೆ ಅವಳು. ಹೊರಗಿಂದ ಯಾರೋ ಕರೆಯುತ್ತಾರೆ, ಅವನು ಹೋಗಿಬಿಡುತ್ತಾನೆ. ಅವಳು ನೆಲದ ಮೇಲೆ ಕೂತು ಅಳುತ್ತಾಳೆ. ಮದುವೆಯ ಮಾತೇ ಬರಲಿಲ್ಲ. ಬರಬೇಕಿತ್ತು ಎಂದು ಪ್ರೇಕ್ಷಕರಿಗೆ ಗೊತ್ತಿದ್ದದ್ದರಿಂದ ಒಡೆದ ಥರ್ಮಾಮೀಟರ್ ಎದೆಗೆ ತಾಗುತ್ತದೆ. ಇಲ್ಲೂ ಕೆಲಸ ಮಾಡಿದ್ದು ಮುಂಚಿನ ಸಿದ್ಧತೆಯೇ.

ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಎಂಬ ನಾಟಕ ಸಂಘ ಹುಟ್ಟಿತು, 1980ರಲ್ಲಿ ಅಲ್ಲೇ ರಂಗಶಿಕ್ಷಣ ಕೇಂದ್ರ ಬಂತು, 1985ರಿಂದ ಅದರ ತಿರುಗಾಟ ತಂಡ ಊರೂರಿಗೆ ನಾಟಕ ಒಯ್ಯುತ್ತಿದೆ. ಹಾಗಾಗಿ ನಮ್ಮ ಕಡೆಯವರು ಒಳ್ಳೆಯ ನಟರನ್ನು ಹತ್ತಿರದಿಂದ ನೋಡಿದ್ದಾರೆ. ನಟ ಒಂದು ಕ್ಷಣ ತಡೆದು ಮಾತಾಡಿದರೆ ಸಾಕು, ಒಳಗೇನಿದೆ ಎಂದು ಹಿಂದಿನ ಸಾಲಿಗೂ ಗೊತ್ತಾಗುತ್ತದೆ. ಕಥೆಗಾರರಿಗೆ ಆ ಮುಖವೂ ಇಲ್ಲ, ದನಿಯೂ ಇಲ್ಲ. ಅದಕ್ಕೇ "ಅವನು ಸಿಟ್ಟು ನುಂಗಿಕೊಂಡು ಹೇಳಿದ", "ಅವಳು ವಿಷಾದದಿಂದ ನಕ್ಕಳು" ಎಂದು ಬರೆಯುವ ಆಸೆಯಾಗುತ್ತದೆ. ಅಲ್ಲಿಗೆ ಒಳಮಾತು ಸತ್ತಿತು. ಕೈಗೆ ಕೆಲಸ ಕೊಡಿ. ಅಣ್ಣ ಕವಳ ಹಾಕುತ್ತಿದ್ದರೆ, ತಮ್ಮನ ಪ್ರಶ್ನೆಗೆ ಎಲೆಯ ತೊಟ್ಟು ಮುರಿಯುವುದನ್ನು ನಿಲ್ಲಿಸಲಿ. ಆಮೇಲೆ ಸುಣ್ಣ ಹಚ್ಚುತ್ತಾ "ಎಲ್ಲಾ ತೋಟಕ್ಕೂ" ಅನ್ನಲಿ. ಸಿಟ್ಟು ಎಂಬ ಪದ ಬೇಕಾಗುವುದಿಲ್ಲ.

ಅತಿ ಮಾಡುವುದೂ ಒಂದು ಕಾಯಿಲೆ. ಪ್ರತಿ ಸಾಲಿಗೂ ಎರಡೆರಡು ಅರ್ಥ ತುಂಬಿದರೆ ಓದುಗರು ಸುಸ್ತಾಗುತ್ತಾರೆ. "ಉಪ್ಪು ಕೊಡು" ಎಂಬುದು ಉಪ್ಪು ಕೊಡು ಅಷ್ಟೇ ಆಗಿರುವ ಸಾಲುಗಳು ಬೇಕು. ಮಕ್ಕಳು, ಕುಡಿದವರು, ಕಳೆದುಕೊಳ್ಳಲು ಏನೂ ಇಲ್ಲದ ಮುದುಕರು ಕೆಲವೊಮ್ಮೆ ಇದ್ದದ್ದನ್ನು ಇದ್ದ ಹಾಗೆ ಆಡಿಬಿಡಬೇಕು. ಮತ್ತೆ, ಕಥೆಯಲ್ಲಿ ಒಂದು ಹಂತಕ್ಕೆ ಮುಚ್ಚಿದ ಮಾತು ಒಡೆಯಲೇಬೇಕು. ಮೂರನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ತಮ್ಮ "ಅಪ್ಪ ಹೇಳಿದ್ದು ನಿಂಗೂ ಕೇಳಿಸಿತ್ತು ಅಣ್ಣ" ಎಂದರೆ, ಎಷ್ಟು ಸರಳವಾದ ಸಾಲು ನೋಡಿ. ಎರಡು ದಿನ ಔಷಧಿ, ಬಸಿಗಾಲುವೆ, ಕಷಾಯ ಎಂದು ಸುತ್ತಿದ್ದರಿಂದಲೇ ಅದಕ್ಕೆ ಅಷ್ಟು ಬಲ.

ಈಗಿನ ಮಲೆನಾಡನ್ನು ಬರೆಯುವವರಿಗೆ ಇನ್ನೊಂದು ಸವಾಲಿದೆ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತೋಟದ ಮನೆಯಲ್ಲಿ. ಅರ್ಧ ಸಂಸಾರ ಫೋನಿನಲ್ಲೇ ನಡೆಯುತ್ತದೆ. ಫೋನಿನಲ್ಲಿ ಕೈ ಕಾಣುವುದಿಲ್ಲ, ಕಷಾಯದ ಲೋಟ ಇಲ್ಲ. ಆಗ ಮಮ್ಮಟನ ಪಟ್ಟಿಯ ಕೊನೆಯದು, ಹೊತ್ತು, ಕೈಗೆ ಬರುತ್ತದೆ. ಮಗ ಅಮ್ಮನಿಗೆ ಫೋನ್ ಮಾಡಿದ್ದಾನೆ. ರಾತ್ರಿ ಒಂಬತ್ತು, ಹೊರಗೆ ಜಡಿಮಳೆ. ಅಪ್ಪನಿಗೆ ಎದೆನೋವು ಬಂದು ಹೋಗಿದೆ ಎಂದು ಹಿಂದಿನ ಪುಟದಲ್ಲೇ ಬಂದಿದೆ.

"ಅಪ್ಪ ಎಲ್ಲಿ? ಫೋನ್ ಕೊಡು."

"ತೋಟಕ್ಕೆ ಹೋಗಿದಾರೆ."

"ಈ ಹೊತ್ತಲ್ಲಾ?"

"ಎಂಥದು? ಸರಿಯಾಗಿ ಕೇಳಿಸ್ತಿಲ್ಲ ಮಾರಾಯ. ನೆಟ್‌ವರ್ಕ್ ಇಲ್ಲ. ನಿಂದು ಊಟ ಆಯ್ತಾ?"

ಊಟದ ಪ್ರಶ್ನೆ ಮಾತ್ರ ಅಮ್ಮನಿಗೆ ಸ್ಪಷ್ಟವಾಗಿ ಕೇಳಲು ಬರುತ್ತದೆ. ಅಮ್ಮ ಸುಳ್ಳು ಹೇಳಿದಳು ಎಂದು ಬರೆಯುವ ಅಗತ್ಯ ಇಲ್ಲ. ಮಗನಿಗೆ ಗಾಬರಿಯಾಯಿತು ಎಂದೂ ಬರೆಯಬೇಕಿಲ್ಲ. ಅವನು "ಆಯ್ತು" ಎಂದು ಫೋನ್ ಇಟ್ಟು, ತೀರ್ಥಹಳ್ಳಿಗೆ ರಾತ್ರಿ ಬಸ್ಸು ಇದೆಯಾ ಎಂದು ನೋಡಲಿ. ಅವನಿಗೆ ಏನು ಕೇಳಿಸಿತು ಎಂಬುದು ಓದುಗರಿಗೆ ಅಲ್ಲೇ ತಿಳಿಯುತ್ತದೆ.